ಮನೆ ಮಾಲೀಕರ ದೋಸೆಗೊಂದು ಚೌಕ ತೂತು

"ತೂತು ಅಂದ್ರೇನು? ಲೋಹ ಇಲ್ಲದ ಜಾಗ! ಅಷ್ಟು ಮಾಡೋಕೆ ನಂಗೆ ಬರಲ್ವಾ?" ಎಂದು ಶನಿವಾರ ಬೆಳಗ್ಗೆ ಶ್ರೀಹರ್ಷ ಘೋಷಿಸಿದ.

ಐರ್ಲೆಂಡಿನ ಗಾಲ್ವೇ ಊರಿನ ವೈದ್ಯಕೀಯ ಸಾಧನಗಳ ಕಂಪನಿಯಲ್ಲಿ ಕೂದಲೆಳೆಯಷ್ಟು ತಪ್ಪನ್ನೂ ಹಿಡಿಯುವುದೇ ಅವನ ಕೆಲಸ. ಅಂಥವನ ಮನೆಯಲ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ಮುಷ್ಕರ ಹೂಡಿತ್ತು. ಪಾತ್ರೆಯ ತಳದ ಕಬ್ಬಿಣದ ಬಿಲ್ಲೆಯಲ್ಲೊಂದು ಚೌಕ ತೂತು. ಮೋಟಾರಿನ ಚೌಕ ಕಡ್ಡಿ ಅದರೊಳಗೆ ಬಿಗಿಯಾಗಿ ಕೂರಬೇಕು. ತೂತು ಸವೆದು ಕಡ್ಡಿ ಮಾತ್ರ ತಿರುಗುತ್ತಿತ್ತು, ಪಾತ್ರೆ ಧ್ಯಾನದಲ್ಲಿತ್ತು.

"ನಾಳೆ ಡೋನಲ್ ಊಟಕ್ಕೆ ಬರ್ತಾರೆ ರೀ," ಎಂದಳು ಹೆಂಡತಿ ಪ್ರಕೃತಿ. ಡೋನಲ್ ಮನೆ ಮಾಲೀಕರು. ಬಾಡಿಗೆ ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು; ಈ ಊರಿನಲ್ಲಿ ಇನ್ನೊಂದು ಮನೆ ಹುಡುಕುವುದೆಂದರೆ ವನವಾಸವೇ. "ದೋಸೆ ಅಂದ್ರೆ ಪ್ರಾಣ ಅವ್ರಿಗೆ. ತಿಂದು ಖುಷೀಲಿರುವಾಗ್ಲೇ ಕರಾರಿನ ಮಾತೆತ್ತೋಣ ಅಂತಿದ್ದೆ. ಮಿಕ್ಸೀಲಾದ್ರೂ ರುಬ್ತಿದ್ದೆ, ಅದನ್ನ ಹೋದ ತಿಂಗಳು ನೀವೇ ರಿಪೇರಿ ಮಾಡಿದ್ರಲ್ಲ!"

ಶ್ರೀಹರ್ಷ ಒಲೆಯ ಕೆಳಗೆ ಬಿದ್ದಿದ್ದ ಹಿಡಿಯಿಲ್ಲದ ಕಬ್ಬಿಣದ ತಗಡೊಂದನ್ನು ಎತ್ತಿಕೊಂಡು ಹಿತ್ತಲಿನ ಶೆಡ್ ಹೊಕ್ಕ. ಹಳೇ ಬಿಲ್ಲೆಯನ್ನು ಅದರ ಮೇಲಿಟ್ಟು, ತೂತಿನ ಗೆರೆಯನ್ನು ಎಳ್ಳಷ್ಟೂ ತಪ್ಪದಂತೆ ಗೀಚಿಕೊಂಡ. ಗರಗಸದಿಂದ ತುಂಡು ಕೊಯ್ದ. ಡ್ರಿಲ್ಲಿಗೋ ಗುಂಡಗೆ ಕೊರೆಯುವುದಷ್ಟೇ ಗೊತ್ತು! ಆದ್ದರಿಂದ ಮೊದಲು ಗುಂಡು ತೂತು, ಆಮೇಲೆ ಅರದಿಂದ ಉಜ್ಜಿ ಉಜ್ಜಿ ಮೂಲೆ. ಒಂದು ಮೂಲೆಯನ್ನು ಒಲಿಸಿಕೊಂಡರೆ ಎದುರಿನದು ಮುನಿಸಿಕೊಳ್ಳುತ್ತಿತ್ತು. ಕಬ್ಬಿಣಕ್ಕಿಂತ ಹೆಬ್ಬೆರಳು ಬೇಗ ಸವೆಯಿತು. ಸಂಜೆಯ ಹೊತ್ತಿಗೆ ಅವನಿಗೆ ಬದುಕಿನ ಮೇಲೇ ನಂಬಿಕೆ ಹೋಗಿತ್ತು. ಆದರೆ ಹೊಸ ತೂತು ಹಳೆಯದರ ಅವಳಿಯಂತಿತ್ತು!

ಬಿಲ್ಲೆ ಕೂರಿಸಿ, ನೆನೆದ ಅಕ್ಕಿ ಸುರಿದು, ಸ್ವಿಚ್ ಒತ್ತಿದ. ಕಡ್ಡಿ ತಿರುಗಿತು. ಪಾತ್ರೆ ಅಲುಗಲಿಲ್ಲ.

"ಹಳೇದ್ರ ಅಳತೆಗೆ ಒಂಚೂರೂ ತಪ್ಪಿಲ್ವಲ್ಲೇ!" ಎಂದು ಗೋಳಿಟ್ಟ.

"ಹಳೇದು ಸವೆದಿತ್ತಲ್ರೀ! ಆ ಸವೆದ ತೂತನ್ನೇ ನಕಲು ಮಾಡಿದ್ರಾ?"

ಶ್ರೀಹರ್ಷನ ಬಾಯಿ ಡ್ರಿಲ್ ಕೊರೆದಷ್ಟು ಗುಂಡಗೆ ತೆರೆಯಿತು.

"ಅಂದ್ಹಾಗೆ, ಈ ಕಬ್ಬಿಣ ಎಲ್ಲಿ ಸಿಕ್ತು?"

"ಒಲೆ ಕೆಳಗೆ. ಹಿಡಿ ಮುರಿದ ಗುಜರಿ."

ಪ್ರಕೃತಿ ಮೆಲ್ಲಗೆ ಕುರ್ಚಿಗೆ ಕುಸಿದಳು. "ಗುಜರಿ ಅಲ್ಲ ರೀ. ನಮ್ಮಮ್ಮ ಪಳಗಿಸಿ ಕೊಟ್ಟ ದೋಸೆ ಕಾವಲಿ."

ಭಾನುವಾರ ಡೋನಲ್ ಉಪ್ಪಿಟ್ಟು ತಿಂದರು. ದೋಸೆ ಎಲ್ಲಿ ಎಂದು ಕೇಳಿದ್ದಕ್ಕೆ ಪ್ರಕೃತಿ, ಯಾರೋ ಕಚ್ಚಿಬಿಟ್ಟಂತಿದ್ದ ಕಾವಲಿಯನ್ನು ತಂದು ತೋರಿಸಿ ಕಥೆಯೆಲ್ಲ ಹೇಳಿದಳು. ಅವರು ಕಣ್ಣೀರು ಬರುವಷ್ಟು ನಕ್ಕರು. ಶ್ರೀಹರ್ಷ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಗ್ರ್ಯಾಂಡ್! ಇನ್ನೊಂದು ವರ್ಷ ಇರಿ," ಎಂದರು ಡೋನಲ್.

ಶ್ರೀಹರ್ಷನಿಗೆ ಹೋದ ಜೀವ ಬಂತು.

ಡೋನಲ್ ಮನೆ ಬೆಚ್ಚಗಿಡುವ ಗೋಡೆಯ ಬಾಯ್ಲರ್ ಕಡೆ ಆತಂಕದಿಂದ ನೋಡಿ, ಪ್ರಕೃತಿಯತ್ತ ತಿರುಗಿದರು. "ಒಂದೇ ಷರತ್ತು. ಏನೇ ಕೆಟ್ಟರೂ ನನಗೆ ಫೋನ್ ಮಾಡಿ. ಇವರಿಗೆ ಮಾತ್ರ ಹೇಳಬೇಡಿ."

"ಅದನ್ನ ಕರಾರಲ್ಲೇ ಬರೆದುಬಿಡಿ," ಎಂದು ಪ್ರಕೃತಿ ಪೆನ್ನು ಕೊಟ್ಟಳು.