ನಾನು ನಡೆದು ಇಳಿದ ಇಳಿಜಾರಿಗೆ

ಮಾನ್ಯ ಇಳಿಜಾರಿನವರ ಸನ್ನಿಧಿಗೆ,

ಸೈಕಲ್ ತಂಡದ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಬರುವವಳ ಅನಂತ ವಂದನೆಗಳು. ತಾವು ಎಂದಿನಂತೆ ನುಣ್ಣಗೆ ಬಳುಕುತ್ತ, ಬಂದವರನ್ನೆಲ್ಲ ತೊಡೆಯ ಮೇಲೆ ಕೂರಿಸಿಕೊಂಡು ಜಾರಿಸುತ್ತ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಈ ಕಡೆ ನನ್ನ ಎರಡು ಮಂಡಿಗಳನ್ನು ಬಿಟ್ಟರೆ ಉಳಿದವರೆಲ್ಲ ಕ್ಷೇಮ.

ತಮ್ಮಂಥ ದೊಡ್ಡವರ ಮೇಲೆ ದೂರು ಹೇಳುವಷ್ಟು ಬಾಯಿ ನನಗಿಲ್ಲ. ಆದರೂ ಹೇಳದೆ ವಿಧಿಯಿಲ್ಲ, ಏಕೆಂದರೆ ವಿಷಯ ನನ್ನದಲ್ಲ, ನನ್ನ ಅಕ್ಕನದು. ಈ ಪ್ರವಾಸಕ್ಕೆ ಹೆಸರು ಕೊಟ್ಟವಳು ಅವಳು, ಸೈಕಲ್ಲು ಅವಳದು, ತಮ್ಮ ಮೇಲೆ ಮನಸ್ಸಿಟ್ಟವಳೂ ಅವಳೇ. ಹೊರಡಲು ನಾಲ್ಕು ದಿನವಿದೆ ಎನ್ನುವಾಗ ಬಚ್ಚಲಲ್ಲಿ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು, ದಿಂಬಿನ ಮೇಲೆ ಆ ಕಾಲನ್ನಿಟ್ಟು ಕೂತಳು. ಕೂತಲ್ಲಿಂದಲೇ ನನ್ನನ್ನು ಹೊರಡಿಸಿದಳು. ನಾವಿಬ್ಬರೂ ಸೇರಿ ಹೊಲಿಗೆ ಅಂಗಡಿ ನಡೆಸುವವರು. "ದಿನವಿಡೀ ಮಿಷನ್ ತುಳಿಯೋ ಕಾಲು ಸೈಕಲ್ ತುಳಿಯೋಕೆ ಆಗಲ್ಲ ಅನ್ನುತ್ತಾ? ಹತ್ತೋದೆಲ್ಲ ನಿಂದು ಕಣೇ, ಆ ಇಳಿಜಾರು ಮಾತ್ರ ನಂದು. ನನ್ನ ಬದಲು ನೀನು ಇಳಿದು, ಹೇಗಿತ್ತು ಅಂತ ಅವತ್ತೇ ಫೋನ್ ಮಾಡಿ ಹೇಳ್ಬೇಕು" ಎಂದು ಅವಳು ಹೇಳಿದ್ದು ತಮ್ಮ ಬಗ್ಗೆಯೇ.

ಇನ್ನು ನಿನ್ನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ತಂಡದಲ್ಲಿ ಒಂದು ಪದ್ಧತಿಯಿದೆ. ಎಲ್ಲರಿಗಿಂತ ಮುಂದೆ ಹೋಗುವ ಡ್ರಿಲ್ ಮಾಸ್ತರು ರಸ್ತೆಯಲ್ಲಿ ಕಂಡದ್ದನ್ನು ಕೂಗಿ ಹೇಳಬೇಕು, ಅವರ ಹಿಂದಿನವರು ತಮ್ಮ ಹಿಂದಿನವರಿಗೆ ಕೂಗಬೇಕು, ಹೀಗೆ ಮಾತು ಬಾಯಿಂದ ಬಾಯಿಗೆ ದಾಟಿ ಕೊನೆಗೆ ನನ್ನನ್ನು ತಲುಪಬೇಕು. ನನಗಿಂತ ಮುಂದಿರುವವರು ಬಟ್ಟೆ ಅಂಗಡಿ ಮಾವ. ಬಹಳ ಒಳ್ಳೆಯವರು, ಆದರೆ ಏರಿನಲ್ಲಿ ಅವರಿಗೆ ಉಸಿರು ಸಾಲದು, ಆದ್ದರಿಂದ ಮಾತಿನ ಅರ್ಧ ಭಾಗವನ್ನು ಅವರೇ ನುಂಗುತ್ತಾರೆ. ಬೆಳಿಗ್ಗೆ ಮಾಸ್ತರು "ಮುಂದೆ ಹಂಪು" ಎಂದು ಕೂಗಿದ್ದು ಮಾವನ ಬಾಯಿಂದ "ಮುಂದೆ...ಂಪು" ಎಂದು ಬಂತು. ನಾನು ತಂಪು ಎಂದುಕೊಂಡು, ನೆರಳು ಸಿಕ್ಕಿತೆಂಬ ಆಸೆಯಿಂದ ಜೋರಾಗಿ ತುಳಿದೆ. ಆ ಹಂಪಿನ ಮೇಲೆ ನಾನು ಎಷ್ಟು ಎತ್ತರಕ್ಕೆ ಹಾರಿದೆನೆಂದು ತಂಡದ ಸಾಮಾನು ಹೊತ್ತು ನನ್ನ ಹಿಂದೆ ಬರುವ ವ್ಯಾನಿನವರನ್ನು ಕೇಳಿದರೆ ತಿಳಿಯುತ್ತದೆ.

ಹಾಗೆ ಏರಿ ಏರಿ, ನಾಲಿಗೆ ಅಂಗುಳಿಗೆ ಅಂಟಿ, ಕಣ್ಣಿನ ಮುಂದೆ ಮಾವನ ಬೆನ್ನಲ್ಲದೆ ಬೇರೇನೂ ಕಾಣದ ಹೊತ್ತಿಗೆ ತಮ್ಮ ನೆತ್ತಿ ಬಂತು. ಮಾವ ತಿರುವಿನಲ್ಲಿ ಮರೆಯಾಗುವ ಮುನ್ನ ಕತ್ತು ಹೊರಳಿಸಿ ಕೂಗಿದ್ದು ಹೀಗೆ: "ಇಳೀ." ಆಮೇಲೆ ಒಂದು ದೊಡ್ಡ ಉಸಿರು. ಆಮೇಲೆ, "ಜಾರೂ..."

ಅದು ತಮ್ಮ ಹೆಸರೆಂದು ನನಗೆ ಹೊಳೆಯಲಿಲ್ಲ, ಮಾನ್ಯರೇ. ಜಾರುತ್ತದೆ, ಕೆಳಗಿಳಿ ಎಂದು ಹಿರಿಯರು ಎಚ್ಚರಿಸುತ್ತಿದ್ದಾರೆ ಎಂದುಕೊಂಡೆ. ಮನೆಯಲ್ಲಿ ಒಬ್ಬಳು ಜಾರಿ ಬಿದ್ದದ್ದೇ ಸಾಕಾಗಿತ್ತು. ನನಗೆ ಯಾರನ್ನೂ ಎರಡನೇ ಸಲ ಕೇಳಲು ನಾಲಿಗೆ ಏಳುವುದಿಲ್ಲ, ಕೇಳೋಣವೆಂದರೆ ಮಾವನೂ ಕಾಣಲಿಲ್ಲ. ಆದ್ದರಿಂದ ಕೂಡಲೇ ಸೈಕಲ್ಲಿನಿಂದ ಇಳಿದು, ಎರಡೂ ಬ್ರೇಕು ಹಿಡಿದು, ಒಣಗಿ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದ ತಮ್ಮ ಮೇಲೆ ತುಂಬು ಬಸುರಿಯಂತೆ ಹೆಜ್ಜೆ ಇಟ್ಟೆ.

ತಾವು ಎಷ್ಟು ಉದ್ದವಿದ್ದೀರೆಂಬುದನ್ನು ನನ್ನಷ್ಟು ಚೆನ್ನಾಗಿ ತಂಡದಲ್ಲಿ ಯಾರೂ ಅರಿಯರು. ಮಿಕ್ಕವರು ತಮ್ಮನ್ನು ಒಂದು ಗುಟುಕಿಗೆ ಕುಡಿದು ಹೋದರು, ನಾನು ಚಮಚದಲ್ಲಿ ಕುಡಿದೆ. ತಮ್ಮ ಪ್ರತಿಯೊಂದು ತಿರುವನ್ನೂ ಗೌರವದಿಂದ ಕಂಡೆ. ಹಿಂದೆಯೇ ಬರುತ್ತಿದ್ದ ವ್ಯಾನಿನಣ್ಣ ತಲೆ ಹೊರಹಾಕಿ "ಹುಷಾರಾಗಿದೀಯೇನಮ್ಮ?" ಎಂದು ಕೇಳಿದರು. ಅವರು ಕೇಳಿದ್ದು ನನ್ನ ಆರೋಗ್ಯವನ್ನು, ನಾನು ಉತ್ತರ ಕೊಟ್ಟದ್ದು "ಹುಷಾರಾಗೇ ಇಳೀತಿದೀನಣ್ಣ" ಎಂದು. ಹುಡುಗಿ ಚೆನ್ನಾಗಿಯೇ ಇದ್ದಾಳೆ, ಏನೋ ಹರಕೆಯಿರಬೇಕು ಎಂದುಕೊಂಡು ಅವರೂ ದೀಪ ಹಾಕಿಕೊಂಡು, ಮೆರವಣಿಗೆಯ ಹಿಂದೆ ಬರುವವರಂತೆ ನನ್ನ ಹೆಜ್ಜೆಗೆ ಹೆಜ್ಜೆ ಹಾಕಿದರು.

ಬುಡದಲ್ಲಿದ್ದ ಲಾಡ್ಜು ಸೇರುವಷ್ಟರಲ್ಲಿ ಎಲ್ಲರ ಸ್ನಾನ ಮುಗಿದು, ಒಗೆದ ಬಟ್ಟೆ ಕಿಟಕಿಯಲ್ಲಿ ಒಣಗುತ್ತಿತ್ತು. ಊಟದ ಮೇಜಿನ ತುಂಬ ತಮ್ಮದೇ ಗುಣಗಾನ. "ಕಾಲು ಅಲ್ಲಾಡಿಸಿಲ್ಲ ಕಣಮ್ಮ, ಸುಮ್ನೆ ಕೂತಿದ್ದೆ, ಊರೇ ಬಂದುಬಿಡ್ತು. ನಿಂಗೆ ಹೇಗಿತ್ತು ಇಳಿಜಾರು?" ಎಂದು ಮಾವ ಉಸಿರು ಕಡಿಯದೆ ಕೇಳಿದರು. ಆ ಪದ ಇಡಿಯಾಗಿ ನನ್ನ ಕಿವಿಗೆ ಬಿದ್ದದ್ದು ಆಗಲೇ. ತಟ್ಟೆಯಿಂದ ತಲೆ ಎತ್ತದೆ "ಚೆನ್ನಾಗಿತ್ತು ಮಾವ" ಎಂದೆ.

ಅಷ್ಟರಲ್ಲಿ ಅಕ್ಕನ ಫೋನು. ನಾನು ಮಾವನ ಮಾತನ್ನೇ ಸಾಲ ತಂದು, ಸುಮ್ಮನೆ ಕೂತಿದ್ದೆ, ಊರೇ ಬಂದುಬಿಡ್ತು ಎಂದು ಒಪ್ಪಿಸಿದೆ. ಅವಳು "ಬೆಲ್ಲು ಹೊಡೀತಾ?" ಎಂದಳು. ಎದುರಿಗೆ ಯಾರೂ ಇರಲಿಲ್ಲ, ನಾನ್ಯಾಕೆ ಹೊಡೆಯಲಿ ಎಂದೆ. "ನನ್ನ ಸೈಕಲ್ಲು ವೇಗ ತಗೊಂಡ್ರೆ ಬೆಲ್ಲು ತಾನಾಗೇ ಹೊಡ್ಕೊಳ್ಳುತ್ತೆ ಕಣೇ. ನೀನು ಇಳಿದೇ ಇಲ್ಲ" ಎಂದಳು. "ಇಳಿದೆ ಅಕ್ಕಾ" ಎಂದೆ, "ಸೈಕಲ್ಲಿಂದ."

ಅವಳು ನಕ್ಕ ನಗುವಿಗೆ ಭಾವ ಗಾಬರಿಯಾಗಿ ಒಳಗಿನಿಂದ ಓಡಿ ಬಂದದ್ದು ನನಗೆ ಇಲ್ಲಿಗೆ ಕೇಳಿಸಿತು. ಆದರೆ ನಗು ನಿಂತ ಮೇಲೆ ಅವಳು "ಹೋಗ್ಲಿ ಬಿಡು, ಮಲಕೋ" ಎಂದಳಲ್ಲ, ಆ "ಹೋಗ್ಲಿ ಬಿಡು" ನನ್ನನ್ನು ಮಲಗಲು ಬಿಡಲಿಲ್ಲ. ಬೈದಿದ್ದರೆ ನಿದ್ದೆ ಬರುತ್ತಿತ್ತು.

ಆದಕಾರಣ ತಮ್ಮಲ್ಲಿ ನನ್ನ ವಿನಂತಿಗಳು. ತಾವು ಇನ್ನು ಮುಂದೆ ಯಾರ ಬಾಯನ್ನೂ ನಂಬದೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳತಕ್ಕದ್ದು. ಅದು ಕಷ್ಟವಾದರೆ ಹೆಸರನ್ನಾದರೂ ಬದಲಿಸಿಕೊಂಡು, ಏದುಸಿರು ಬಿಡುವವರೂ ಒಡೆಯಲಾಗದಂಥ ಒಂದೇ ಅಕ್ಷರದ ಹೆಸರಿಟ್ಟುಕೊಳ್ಳುವುದು. ಅದೂ ಆಗದಿದ್ದರೆ ದಯಮಾಡಿ ಎದ್ದು, ಒಮ್ಮೆ ನಮ್ಮ ಬೀದಿಯವರೆಗೆ ಬಂದು, ಅಕ್ಕನ ಮಂಚದ ಪಕ್ಕದಲ್ಲಿ ಸ್ವಲ್ಪ ಹೊತ್ತು ಮಲಗಿ ಹೋಗುವುದು.

ತಾವು ಯಾವುದಕ್ಕೂ ಒಪ್ಪುವವರಲ್ಲವೆಂದು ಗೊತ್ತಿದ್ದರಿಂದ, ಇಂದು ಬೆಳಿಗ್ಗೆ ಉಳಿದವರು ಹಲ್ಲುಜ್ಜುವಾಗ ನಾನು ವ್ಯಾನಿನಣ್ಣನ ಬಳಿ ಹೋಗಿ, ಈ ಪ್ರವಾಸದಲ್ಲಿ ಮೊದಲ ಬಾರಿಗೆ ಬಾಯಿ ಬಿಟ್ಟು ಕೇಳಿದೆ. ಅವರು ನನ್ನನ್ನೂ ಸೈಕಲ್ಲನ್ನೂ ನೋಡಿ, "ಮೇಲಕ್ಕೆ ಹೋಗೋಕೆ ವ್ಯಾನು, ಕೆಳಕ್ಕೆ ಬರೋಕೆ ಸೈಕಲ್ಲು. ಈ ತಂಡದಲ್ಲಿ ಬುದ್ಧಿ ಇರೋದು ನಿನಗೊಬ್ಬಳಿಗೇ ಕಣಮ್ಮ" ಎಂದು ಹಿಂಬಾಗಿಲು ತೆರೆದರು. ಈ ಪತ್ರವನ್ನು ತಮ್ಮ ನೆತ್ತಿಯ ಮೇಲೆ ಕೂತೇ ಬರೆಯುತ್ತಿದ್ದೇನೆ, ಅವಿನಯವೆಂದು ಭಾವಿಸಬಾರದು. ಇನ್ನು ಸೈಕಲ್ಲು ಹತ್ತುತ್ತೇನೆ.

ತಮ್ಮನ್ನು ಒಮ್ಮೆ ನಡೆದು ತೀರಿಸಿದ,
ತಮ್ಮ ವಿಶ್ವಾಸಿ,
ಸಾಲಿನ ಕೊನೆಯವಳು

ವಿ.ಸೂ.: ಈಗ ತಮ್ಮ ಬುಡದಿಂದ ಬರೆಯುತ್ತಿದ್ದೇನೆ. ಬೆಲ್ಲು ಹೊಡೆಯಿತು. ಆದರೆ ನಾನು ಉದ್ದಕ್ಕೂ ಎರಡೂ ಬ್ರೇಕು ಹಿಡಿದೇ ಇದ್ದೆ. ಅದು ಹೊಡೆದದ್ದು ವೇಗಕ್ಕಲ್ಲ, ಮೂರನೇ ತಿರುವಿನಲ್ಲಿ ತಾವು ಸಾಕಿಕೊಂಡಿರುವ ಗುಂಡಿಗೆ. ಅಕ್ಕನಿಗೆ ಫೋನ್ ಮಾಡಿ "ಹೊಡೀತು" ಎಂದಷ್ಟೇ ಹೇಳಿದೆ. ಅವಳು "ಹೊಡೀತಾ?" ಎಂದು ಕೇಳಿ, ಮತ್ತೆ "ಹೊಡೀತಾ?" ಎಂದು ಕೇಳಿ, ಭಾವನನ್ನು ಕರೆದು ಅವರಿಗೂ ಹೇಳಿದಳು. ಇಷ್ಟು ವರ್ಷ ಅವಳ ಬೆಲ್ಲು ಹೊಡೆದದ್ದಾದರೂ ಯಾವುದಕ್ಕೆ ಎಂಬ ಅನುಮಾನ ನನಗೆ ಬಂದಿದೆ, ಆದರೆ ನಾನು ಕೇಳುವುದಿಲ್ಲ. ಗುಂಡಿಯ ವಿಷಯ ತಾವೂ ಎಲ್ಲಿಯೂ ಬಾಯಿ ಬಿಡಬಾರದು. ಬಿಟ್ಟರೆ ಆ ಗುಂಡಿಯನ್ನು ಮುಚ್ಚಿಸುವವರಿಗೆ ನನ್ನ ಮುಂದಿನ ದೂರು ಹೋಗುತ್ತದೆ.