ಧನರಾಜನ ಕಿಸೆ ಮಾಡಿದ ಫೋನು

ಚಕ್ರ, ಬೆಂಕಿ, ಲಿಪಿ ಇವು ಮನುಷ್ಯಕುಲವನ್ನು ಎಲ್ಲಿಂದ ಎಲ್ಲಿಗೆ ತಂದವು ಎಂಬುದರ ಮೇಲೆ ದಪ್ಪ ದಪ್ಪ ಗ್ರಂಥಗಳು ಬಂದಿವೆ. ಕಿಸೆಯ ಬಗ್ಗೆ ಮಾತ್ರ ಯಾರೂ ಬರೆದಿಲ್ಲ. ಇದು ನಮ್ಮ ವಿದ್ವಾಂಸರ ದೊಡ್ಡ ಲೋಪವೆಂದೇ ಹೇಳಬೇಕು. ಅದರಲ್ಲೂ ದರ್ಜಿಯ ಹತ್ತಿರ ಅಳತೆ ಕೊಟ್ಟು ಹೊಲಿಸಿದ ಬನಿಯನ್ನಿನ ಎಡಗಡೆಯ ಕಿಸೆ, ಎದೆಗೆ ಅಂಟಿಕೊಂಡು, ಬೆವರಲ್ಲಿ ತೊಯ್ದು, ಧಣಿಯ ಅಪ್ಪಣೆಯಿಲ್ಲದೆ ಏನೇನು ಮಾಡಬಲ್ಲದು ಎಂಬುದು ಗಂಭೀರ ಅಧ್ಯಯನಕ್ಕೆ ಯೋಗ್ಯವಾದ ವಿಷಯ. ಬಸವಕಲ್ಯಾಣದ ಧನರಾಜ ಕಳೆದ ಬೇಸಿಗೆಯ ಒಂದು ಗುರುವಾರ ಈ ಅಧ್ಯಯನವನ್ನು ಬೆಳಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ ಮುಗಿಸಿದ.

ಕೋಟೆಗೆ ಹೋಗುವ ರಸ್ತೆಯಲ್ಲಿ ಧನರಾಜನದೊಂದು ಅಚ್ಚುಕೂಟ. ಒಂದು ಖೋಲಿ, ಒಂದು ಯಂತ್ರ, ಒಂದು ಮುದಿ ಕಂಪ್ಯೂಟರು. ಲಗ್ನಪತ್ರಿಕೆಗಳೆಲ್ಲ ವಾಟ್ಸಾಪಿಗೆ ಹಾರಿಹೋದ ಮೇಲೆ ಯಂತ್ರಕ್ಕೆ ಕೆಲಸವಿಲ್ಲದೆ ಅದರ ಮೇಲೆ ಹೆಂಡತಿ ರೂಪಾಲಿ ಹಪ್ಪಳ ಒಣಹಾಕತೊಡಗಿದ್ದಳು.

"ದೀಪಾವಳಿ ತನಕಾ ನೋಡ್ತೀನಿ. ಆಮ್ಯಾಲ ಈ ಖೋಲಿ ನಮ್ಮ ತಮ್ಮಗ ಕೊಡ್ರಿ. ಮೊಬೈಲ್ ಕವರಿನ ಅಂಗಡಿ ಹಾಕ್ತೀನಿ ಅನ್ನಾಕತ್ತಾನ" ಎಂದು ಅವಳು ಗಡುವು ಕೊಟ್ಟಿದ್ದಳು.

ಇಂಥ ಹೊತ್ತಿನಲ್ಲಿ ಹುಮನಾಬಾದಿನ ಬಸವಣಪ್ಪ ಸಾಹುಕಾರರಿಂದ ಕರೆ ಬಂತು. ಬಸವಣಪ್ಪನವರದು ತೊಗರಿ ಅಡತಿ, ಅಂದರೆ ರೈತರ ಮಾಲು ಮಾರಿಸಿಕೊಡುವ ದಲ್ಲಾಳಿ ಅಂಗಡಿ. ಮೂವತ್ತು ವರ್ಷದಿಂದ ಹಗಲೆಲ್ಲ ತೊಗರಿ ತೂಗಿ, ಸಂಜೆ ವಚನ ಬರೆಯುತ್ತ ಬಂದವರು. ಕಲ್ಯಾಣದ ಸೀಮೆಯಲ್ಲಿ ಇದು ಅಪರೂಪದ ಕಾಯಿಲೆಯೇನಲ್ಲ. ಎಂಟುನೂರು ವರ್ಷದ ಹಿಂದೆ ಎದ್ದ ಗಾಳಿ ಇಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಸಾಹುಕಾರರ ವಚನಗಳು ಈಗ ಏಳುನೂರ ಎಪ್ಪತ್ತಕ್ಕೆ ಮುಟ್ಟಿದ್ದವು. ಗಟ್ಟಿ ರಟ್ಟಿನ ಪುಸ್ತಕ ಆಗಬೇಕು ಎಂಬುದು ಅವರ ಆಸೆ. ಸೋಲಾಪುರದ ಪ್ರೆಸ್ಸಿಗೆ ಕೊಡೋಣ ಎಂಬುದು ಅವರ ಅಳಿಯನ ಹಟ. ಕಲ್ಯಾಣದ ವಚನ ಕಲ್ಯಾಣದಲ್ಲೇ ಅಚ್ಚಾಗಲಿ ಎಂದು ಸಾಹುಕಾರರು ಧನರಾಜನ ಕೈಗೆ ನಲವತ್ತು ಹಾಳೆಯ ಮಾದರಿ ಕೊಟ್ಟು ಹೇಳಿದ್ದರು:

"ಗುರುವಾರ ಬಾ. ಓದಿ ಹ್ಯಾಂಗನಿಸ್ತು ಹೇಳು. ನನ್ನ ಮನಸಿಗಿ ಬಂದ್ರ ಪೂರಾ ಕಟ್ಟು ಒಯ್ಯು."

ಧನರಾಜ ಹದಿನೆಂಟು ವರ್ಷದಲ್ಲಿ ಬಿಲ್ ಪುಸ್ತಕ, ಶ್ರದ್ಧಾಂಜಲಿ, ಜಾವಳದ ಕಾರ್ಡು ಎಲ್ಲ ಅಚ್ಚು ಹಾಕಿದ್ದ. ಓದುವ ಪುಸ್ತಕವೊಂದನ್ನು ಹಾಕಿರಲಿಲ್ಲ. ಬುಧವಾರವೇ ಯಂತ್ರದ ಮೇಲಿನ ಹಪ್ಪಳ ತೆಗೆಸಿ ಎಣ್ಣೆ ಬಿಟ್ಟ.

ಗುರುವಾರ ಸಸ್ತಾಪುರ ಬಂಗ್ಲಾದ ಹತ್ತಿರ ಯುನೂಸನ ಕ್ರೂಸರ್ ಹತ್ತಿದ. ಹತ್ತುವ ಮುಂಚೆ ಸಾಹುಕಾರರಿಗೆ ಫೋನು ಮಾಡಿ "ಹೊಂಟೀನ್ರಿ" ಎಂದು ವರದಿ ಒಪ್ಪಿಸಿ, ಫೋನನ್ನು ಬನಿಯನ್ನಿನ ಕಿಸೆಗೆ ಇಳಿಸಿದ. ಪರದೆ ಆರಿಸಲಿಲ್ಲ.

ಹತ್ತು ಜನರ ಗಾಡಿಯಲ್ಲಿ ಹದಿನಾಲ್ಕು ಜನ. ಧನರಾಜನ ಎಡಕ್ಕೆ ದತ್ತಾತ್ರಿ: ಕೊಹಿನೂರದವನು, ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಜವಾನನಾಗಿದ್ದು ನಿವೃತ್ತನಾದವನು, ಈಗಲೂ ಯಾರಾದರೂ ಕೆಮ್ಮಿದರೆ "ಖಾಮೋಶ್" ಎನ್ನುವವನು. ಬಲಕ್ಕೆ ಮುಡಬಿಯ ತುಳಜಾಬಾಯಿ, ಮಗಳ ಮನೆಗೆ ಹೊರಟವಳು, ತೊಡೆಯ ಮೇಲೆ ರೊಟ್ಟಿಯ ಗಂಟು. ಉಳಿದವರು ರಾಜೇಶ್ವರದಲ್ಲಿ ಇಳಿಯುವವರು. ಕತೆಯಲ್ಲಿ ಅವರಿಗೆ ನಗುವುದಷ್ಟೇ ಕೆಲಸ.

"ಏನದು ಕಾಗದಾ?" ದತ್ತಾತ್ರಿ ಕೇಳಿದ.

"ವಚನ್ರಿ. ಹುಮನಾಬಾದ ಬಸವಣಪ್ಪ ಸಾವ್ಕಾರ್ರು ಬರ್ದಾರ."

"ಓದು. ದಾರಿ ಸರೀತದ."

ಧನರಾಜ ಭಕ್ತಿಯಿಂದಲೇ ಶುರು ಮಾಡಿದ. "ತಕ್ಕಡಿಯ ಮೇಲೆ ಕಾಳುಂಟು, ಕಾಳಿನ ಮೇಲೆ ತಕ್ಕಡಿಯಿಲ್ಲ. ಇದ ಕಂಡು ಬೆರಗಾದೆ ಕಾಣಾ, ಕಾಳು ಕಾಯುವ ಗುರುವೇ."



"ಕಾಳಿನ ಮ್ಯಾಲ ತಕ್ಕಡಿ ಯಾರಿಡ್ತಾರಪಾ?" ತುಳಜಾಬಾಯಿ ನಿಜವಾದ ಕುತೂಹಲದಿಂದ ಕೇಳಿದಳು. "ಇದಕ್ಯಾಕ ಬೆರಗಾಗ್ಬೇಕು?"

ಯಾರೋ ಹಿಂದೆ ಕಿಸಕ್ಕೆಂದರು. ಧನರಾಜನಿಗೆ ಇನ್ನೊಂದು ಓದುವ ಉಮೇದು ಬಂತು. "ಚೀಲದ ಬಾಯಿ ಹೊಲಿಯಬಹುದು, ನಾಲಗೆಯ ಬಾಯಿ ಹೊಲಿಯಬಹುದೆ?"

"ನಾಲಿಗಿಗಿ ಬಾಯಿ ಅದ?" ಯುನೂಸ ಸ್ಟೇರಿಂಗ್ ಬಿಟ್ಟು ಹಿಂದೆ ತಿರುಗಿದ.

"ಸಾವ್ಕಾರ್ರ ನಾಲಿಗಿಗಿ ಇರ್ಬೇಕು. ನೀ ರೋಡ್ ನೋಡು" ಎಂದ ಧನರಾಜ. ಗಾಡಿ ಘೊಳ್ಳೆಂದಿತು.

ಹತ್ತು ವರ್ಷದಲ್ಲಿ ಅವನ ಮಾತಿಗೆ ಇಷ್ಟು ಜನ ನಕ್ಕಿರಲಿಲ್ಲ. ಮನೆಯಲ್ಲಂತೂ ಪ್ರಶ್ನೆಯೇ ಇಲ್ಲ. ಅವನು ಸೀಟಿನ ತುದಿಗೆ ಸರಿದು ಕುಳಿತ. ಒಂದೊಂದು ವಚನ ಓದಿದ, ಒಂದೊಂದಕ್ಕೂ ಒಂದು ಟೀಕೆ ಹಚ್ಚಿದ. ಇವು ವಚನವಲ್ಲ, ಅಡತಿಯ ರಶೀದಿ ಎಂದ. ತೊಗರಿ ತೂಗುವ ಮನುಷ್ಯ ಮಾತು ತೂಗಲಾರ ಎಂದ. ಇವನ್ನು ಚೀಲದೊಳಗೆ ಹಾಕಿಟ್ಟರೆ ಹುಳ ಹತ್ತುವುದಿಲ್ಲ, ಹುಳಗಳೇ ಓದಿ ಓಡಿಹೋಗುತ್ತವೆ ಎಂದ. ತುಳಜಾಬಾಯಿಗೂ ಹುರುಪು ಬಂದು, ಸೆರಗು ಸರಿಮಾಡಿಕೊಂಡು, ದನಿ ತೆಗೆದು ತಾನೇ ಒಂದು ಕಟ್ಟಿದಳು:

"ರೊಟ್ಟಿಯ ಮ್ಯಾಲ ಪಲ್ಯ ಉಂಟು, ಪಲ್ಯದ ಮ್ಯಾಲ ರೊಟ್ಟಿಯಿಲ್ಲ. ಇದ ಕಂಡು ನಮ್ಮ ಯಜಮಾನ್ರು ತಾಟು ಬಿಟ್ಟೆದ್ರು ಕಾಣಾ, ಒಲಿ ಕಾಯುವ ಗುರುವೇ."

ರಾಜೇಶ್ವರದಲ್ಲಿ ಇಳಿಯಬೇಕಾದವರು ಹೊಟ್ಟೆ ಹಿಡಿದುಕೊಂಡು ಇಳಿದರು. ಗಾಡಿಯಲ್ಲಿ ಈಗ ಉಳಿದವರು ನಾಲ್ಕೇ ಜನ. ಕಣ್ಣೊರೆಸಿಕೊಳ್ಳುತ್ತ ಧನರಾಜ ಗಂಟೆ ಎಷ್ಟಾಯಿತೆಂದು ನೋಡಲು ಫೋನು ತೆಗೆದ.

ಪರದೆಯ ಮೇಲೆ 'ಬಸವಣಪ್ಪ ಸಾಹುಕಾರ' ಎಂದಿತ್ತು. ಅದರ ಕೆಳಗೆ ಇಪ್ಪತ್ಮೂರು ನಿಮಿಷ ನಾಲ್ಕು ಸೆಕೆಂಡು. ಐದು. ಆರು.

ಅವನ ಮುಖ ತೊಳೆದ ಸ್ಲೇಟಿನಂತಾಯಿತು.

"ಅಯ್ಯ ಯವ್ವಾ, ಫೋನ್ ಚಾಲೂ ಅದ! ಸಾವ್ಕಾರ್ರು ಎಲ್ಲಾ ಕೇಳ್ಯಾರ!" ತುಳಜಾಬಾಯಿ ಮುಡಬಿಯವರೆಗೆ ಕೇಳಿಸುವಂತೆ ಕೂಗಿದಳು. ಅದುವರೆಗೆ ಸಾಹುಕಾರರಿಗೆ ಏನೂ ಕೇಳಿಸಿರದಿದ್ದರೂ ಇದು ಕೇಳಿಸುವಂತಿತ್ತು.

ಧನರಾಜನ ಹೆಬ್ಬೆರಳು ಕೆಂಪು ಗುಂಡಿಯ ಕಡೆ ಹೊರಟಿತು. ದತ್ತಾತ್ರಿ ಅವನ ಮಣಿಕಟ್ಟು ಹಿಡಿದ. ಬಾಯಿಗೆ ಬೆರಳಿಟ್ಟು, ಸನ್ನೆಯಲ್ಲೇ ತನ್ನ ಮೂವತ್ತೆರಡು ವರ್ಷದ ಕಾನೂನು ಜ್ಞಾನವನ್ನೆಲ್ಲ ತಿಳಿಸಿದ: ಕಟ್ ಮಾಡಿದರೆ ತಪ್ಪು ಒಪ್ಪಿದಂತೆ. ನಮಗೆ ಗೊತ್ತೇ ಇಲ್ಲ ಎಂಬಂತೆ ಈಗ ಹೊಗಳಬೇಕು. ಸಾಕ್ಷಿ ತಿರುಗಿಸಬೇಕು.

ಫೋನನ್ನು ಧನರಾಜ ಜ್ವರ ಬಂದ ಕೋಳಿಮರಿಯಂತೆ ಅಂಗೈಯಲ್ಲಿ ಹಿಡಿದ. ಮೂವರೂ ಅದರ ಮೇಲೆ ಬಾಗಿದರು.

"ಅಂದಹಾಗ, ಇಷ್ಟೊತ್ತು ನಾವು ನಕ್ಕಿದ್ದು ಬ್ಯಾರೆ ಯಾವನೋ ಬರ್ದಿದ್ದಕ್ಕ" ಎಂದು ದತ್ತಾತ್ರಿ ಗಟ್ಟಿಯಾಗಿ ಆರಂಭಿಸಿದ. "ಬಸವಣಪ್ಪ ಸಾವ್ಕಾರ್ರ ವಚನಂದ್ರ ವಚನ. ಇಂಥಾ ವಚನಾ ನಾ ಕೋರ್ಟಿನ್ಯಾಗ ಮೂವತ್ತೆರಡು ವರ್ಷದಾಗ ಒಂದೂ ಕೇಳಿಲ್ಲ." ಇದು ಸತ್ಯವೇ ಆಗಿತ್ತು.

"ಕೇಳಿದ ಮ್ಯಾಲ ನನ್ನ ಮೊಣಕಾಲ ಬ್ಯಾನಿ ಅರ್ಧಾ ಇಳೀತು ನೋಡ್ರಿ" ಎಂದಳು ತುಳಜಾಬಾಯಿ.

"ಗಾಡಿ ಭೀ ಜರಾ ಮೈಲೇಜ್ ಕೊಡಾಕತ್ತದ" ಎಂದ ಯುನೂಸ. ಅವನಿಗೆ ವಚನಗಳ ಬಗ್ಗೆ ಅದಕ್ಕಿಂತ ದೊಡ್ಡ ಮಾತು ತೋಚಲಿಲ್ಲ.

ಧನರಾಜನ ಬಾಯಿಂದ "ಆಹಾ" ಎಂಬುದೊಂದು ಹೊರಟಿತು, ಹಲ್ಲು ಕೀಳಿಸಿಕೊಳ್ಳುವವನಂತೆ. ಹೀಗೆ ಎಂಟು ನಿಮಿಷ ಹೊಗಳಿದರು. ಹೊಗಳಿಕೆ ಮುಗಿದುಹೋಗಿ, ತುಳಜಾಬಾಯಿ ಸಾಹುಕಾರರ ತೊಗರಿಯನ್ನೂ, ಅವರ ಅಂಗಡಿಯ ನೆರಳನ್ನೂ ಹೊಗಳುವ ಹಂತಕ್ಕೆ ಬಂದಾಗ ಧನರಾಜನ ಫೋನಿನ ಬ್ಯಾಟರಿ ಸತ್ತಿತು. ಒಟ್ಟು ಮೂವತ್ತೊಂದು ನಿಮಿಷ.

ಯುನೂಸ ಕನ್ನಡಿಯಲ್ಲಿ ಧನರಾಜನ ಮುಖ ನೋಡಿದ. "ಧನರಾಜ ಭಾಯ್, ಬುರಾ ತಿಳ್ಕೋಬ್ಯಾಡ. ಮೊದಲ ಇಪ್ಪತ್ಮೂರು ಮಿನಿಟ್ ಕೇಳಿದವ ಕಡೀ ಎಂಟು ಮಿನಿಟ್ ನಂಬ್ತಾನ?"

"ಸೋಲಾಪುರ" ಎಂದ ಧನರಾಜ. ಅವನ ಕಣ್ಣೆದುರು ಖೋಲಿಯ ಗೋಡೆಯ ತುಂಬ ಬಣ್ಣ ಬಣ್ಣದ ಮೊಬೈಲ್ ಕವರುಗಳು ತೂಗಾಡುತ್ತಿದ್ದವು.

"ಒಂದೇ ದಾರಿ ಉಳ್ದದ" ದತ್ತಾತ್ರಿ ಗಂಟಲು ಸರಿಮಾಡಿಕೊಂಡ. "ಕಬೂಲಿ. ಅವ್ರು ಕೇಳೂದ್ರೊಳಗ ನೀನೇ ಹೋಗಿ ಎಲ್ಲಾ ಒಪ್ಕೋ. ತಾನಾಗೇ ಒಪ್ಪಿದವ್ನ ಮ್ಯಾಲ ಜಡ್ಜ್ ಸಾಹೇಬ್ರಿಗಿ ಹಮೇಶಾ ದಯಾ ಬರ್ತಿತ್ತು. ನಾ ನೋಡೀನಿ. ಆದ್ರ ಒಂದು ಮಾತು: ಏನೂ ಬಚ್ಚಿಡಬಾರ್ದು. ಅರ್ಧಾ ಕಬೂಲಿ ಕಬೂಲಿ ಅಲ್ಲ."

"ನಾನೂ ಬರ್ತೀನಿ" ಎಂದಳು ತುಳಜಾಬಾಯಿ. "ರೊಟ್ಟಿದು ನಂದೇ ಅಲ?"

ಮಗಳ ಮನೆ ಕಾಯಬಹುದಿತ್ತು. ಯುನೂಸನೂ ಗಾಡಿಯನ್ನು ನೇರ ಅಡತಿ ಬಜಾರಕ್ಕೆ ತಿರುಗಿಸಿ, ಕೀಲಿಕೈ ತಿರುಗಿಸುತ್ತ ಹಿಂದೆಯೇ ಬಂದ. ಇಂಥದ್ದನ್ನು ಬಿಟ್ಟು ವಾಪಸ್ ಸೀಟು ಕೂಗುತ್ತ ನಿಲ್ಲುವ ಕಲ್ಲೆದೆ ಅವನಿಗಿರಲಿಲ್ಲ.

ಬಸವಣಪ್ಪ ಸಾಹುಕಾರರು ಗಾದಿಯ ಮೇಲೆ ಕುಳಿತಿದ್ದರು. ಬಿಳಿ ಧೋತರ, ಬಿಳಿ ಬನಿಯನ್ನು. ಒಂದು ಕೆನ್ನೆ ಉಬ್ಬಿತ್ತು. ಸಿಟ್ಟಿಗೆ ಉಬ್ಬಿದ್ದೆಂದು ಧನರಾಜ ತಿಳಿದ. "ನಮಸ್ಕಾರ್ರಿ" ಎಂದರೆ ಸಾಹುಕಾರರು ಬಾಯಿ ತೆರೆಯಲಿಲ್ಲ. ಮೂಗಿನಿಂದ "ಹ್ಞೂಂ" ಎಂದರು. ಕೈಯಿಂದ ಕೂಡುವಂತೆ ತೋರಿಸಿದರು. ಧನರಾಜ ಕೂಡಲಿಲ್ಲ.

"ಸಾವ್ಕಾರ್ರೆ, ಮಾಫ್ ಮಾಡ್ರಿ. ಫೋನ್ಯಾಗ ನೀವು ಕೇಳಿದ್ದೆಲ್ಲಾ ಖರೇ ಅದ. ನಾನೇ ಅಂದೀನಿ."

"ಹ್ಞೂಂ?" ಸಾಹುಕಾರರ ಹುಬ್ಬು ಮೇಲೇರಿತು.

ಆ ಹುಬ್ಬನ್ನು ಕಂಡು ಧನರಾಜನ ಉಳಿದ ಧೈರ್ಯವೂ ಕರಗಿತು. "ನಿಮ್ಮ ವಚನ ಅಡತಿ ರಶೀದಿ ಅಂದೀನಿ. ತಪ್ಪಾತು. ನಿಮ್ಮ ನಾಲಿಗಿಗಿ ಬ್ಯಾರೆ ಬಾಯಿ ಅದ ಅಂದೀನಿ."

"ಹುಳದ್ದು" ದತ್ತಾತ್ರಿ ಹಿಂದಿನಿಂದ ಉಸುರಿದ.

"ಹುಳಾ ಓದಿ ಓಡಿ ಹೋಗ್ತಾವ ಅಂದೀನ್ರಿ."

"ತೂಗೂದು."

"ತೊಗರಿ ತೂಗೋ ಮನಿಷಾ ಮಾತು ತೂಗಲಾರ ಅಂದೀನ್ರಿ." ಧನರಾಜನ ಹಣೆಯಿಂದ ಬೆವರು ನಲವತ್ತು ಹಾಳೆಯ ಮೇಲೆ ತೊಟ್ಟಿಕ್ಕಿತು.

"ರೊಟ್ಟಿದು ನಾ ಅಂದಿದ್ರಿ" ಎಂದು ತುಳಜಾಬಾಯಿ ಮುಂದೆ ಬಂದು, ಬಿಟ್ಟುಹೋಗದಿರಲೆಂದು ಪೂರ್ತಿ ಹಾಡಿ ತೋರಿಸಿದಳು. ಹಮಾಲರು ಚೀಲ ಇಳಿಸಿ ಕೇಳಿದರು.

ಸಾಹುಕಾರರ ಮುಖ ಕೆಂಪಾಗಿತ್ತು. ಅವರು ಎದ್ದರು. ಯಾರ ಕಡೆಗೂ ನೋಡದೆ ಹಿತ್ತಲಿಗೆ ನಡೆದರು. ಬಡಿಗೆ ತರಲು ಹೋದರೆಂದು ಯುನೂಸ ಚಪ್ಪಲಿ ಮೆಟ್ಟಿಕೊಂಡ. ಹಿತ್ತಲಿಂದ ಪಿಚಕ್ಕೆಂಬ ಸದ್ದು, ನೀರು ಮುಕ್ಕಳಿಸಿದ ಸದ್ದು ಕೇಳಿಸಿತು. ಸಾಹುಕಾರರು ಧೋತರದ ತುದಿಯಿಂದ ಬಾಯೊರೆಸಿಕೊಳ್ಳುತ್ತ ಬಂದರು. ಕೆನ್ನೆ ಇಳಿದಿತ್ತು.

"ಬಾಯಾಗ ಎಲಿ ಅಡಕಿ ಇತ್ತಪಾ. ಮಾತಾಡಾಕ ಬರಲಿಲ್ಲ. ಈಗ ಹೇಳು, ಯಾವ ಫೋನು?"

ಧನರಾಜ ಕಣ್ಣು ಮಿಟುಕಿಸಿದ. "ಇವತ್ತ ಮುಂಜಾನಿದ್ದು. ಮೂವತ್ತೊಂದು ಮಿನಿಟಿನ ಫೋನು..."

"ನಾ ಮುಂಜಾನಿಂದ ತೊಗರಿ ಹರಾಜಿನ ಗದ್ದಲದಾಗಿದ್ದೆ. ನೀ ಹೊಂಟೀನಿ ಅಂದಮ್ಯಾಲ ಫೋನು ಮುಟ್ಟೇ ಇಲ್ಲ." ಸಾಹುಕಾರರು ತಮ್ಮ ಬನಿಯನ್ನಿನ ಎಡಗಿಸೆಗೆ ಕೈಹಾಕಿ ಫೋನು ತೆಗೆದರು. ಅದು ಬೆವರಿನಿಂದ ಒದ್ದೆಯಾಗಿತ್ತು. ಕನ್ನಡಕ ಏರಿಸಿ ನೋಡಿದರು. ಧನರಾಜನಿಂದ ಆಮೇಲೆ ಇನ್ನೊಂದು ಕರೆ ಬಂದಿತ್ತು, ಯಾರೋ ಎತ್ತಿದ್ದರು, ಮೂವತ್ತೊಂದು ನಿಮಿಷ ನಡೆದಿತ್ತು. ಎತ್ತಿದ್ದು ಕಿಸೆ.

ಕಲ್ಯಾಣದ ಒಂದು ಬನಿಯನ್ನು ಹುಮನಾಬಾದಿನ ಒಂದು ಬನಿಯನ್ನಿಗೆ ಫೋನು ಹಚ್ಚಿ, ಯಾವ ಮನುಷ್ಯನಿಗೂ ತೊಂದರೆ ಕೊಡದೆ, ಮೂವತ್ತೊಂದು ನಿಮಿಷ ಮಾತಾಡಿ ಮುಗಿಸಿತ್ತು. ಮನುಷ್ಯರಿಗೆ ಮುಟ್ಟಿಸುವ ಕೆಲಸವನ್ನು ಧನರಾಜ ಇಪ್ಪತ್ತು ಮೈಲಿ ಬಂದು, ಮೂವರು ಸಾಕ್ಷಿಗಳೊಂದಿಗೆ, ಖುದ್ದಾಗಿ ಮಾಡಿದ್ದ.

"ಖಾಮೋಶ್" ಎಂದ ದತ್ತಾತ್ರಿ. ಯಾರೂ ಮಾತಾಡಿರಲಿಲ್ಲ.

ಸಾಹುಕಾರರು ಗಾದಿಯ ಮೇಲೆ ಕುಳಿತರು. ತಕ್ಕಡಿಯ ಕಡೆ ನೋಡಿದರು. ಅದರ ಮೇಲೆ ಕಾಳಿತ್ತು.

"ಅಕ್ಕೋರೆ, ಆ ರೊಟ್ಟಿದು ಇನ್ನೊಮ್ಮೆ ಅನ್ರಿ" ಎಂದರು.

ತುಳಜಾಬಾಯಿ ಈ ಸಲ ಮೆಲ್ಲಗೆ ಹೇಳಿದಳು. ಸಾಹುಕಾರರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಆಮೇಲೆ ಇಡೀ ಗಾದಿ. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಗಂಭೀರರಾದರು.

"ಮೂವತ್ತು ವರ್ಷ ಆತು ಬರ್ಯಾಕತ್ತು. ಈ ಗಾದಿ ಮುಂದ ನಿಂತವ್ರೆಲ್ಲಾ ಛೊಲೊ ಅದ್ರಿ, ಛೊಲೊ ಅದ್ರಿ ಅಂತಾರ. ಅವ್ರ ತೊಗರಿ ಇಲ್ಲೇ ಮಾರಬೇಕಲ್ಲ! ಖರೇ ಛೊಲೊ ಅದನೋ ಇಲ್ಲೋ ನನಗ ಇವತ್ತಿನ ತನಕಾ ಗೊತ್ತಾಗಿದ್ದಿಲ್ಲ. ಸೋಲಾಪುರದವ ಓದ್ದೇ ಛಾಪಿಸ್ತಾನ. ನನಗ ಓದಿ ನಗೋರು ಬೇಕಾಗ್ಯಾರ."

"ಅಂದ್ರ... ಕಟ್ಟು ನಂಗ ಕೊಡ್ತೀರ್ರಿ?" ಧನರಾಜ ಒಂದು ಹೆಜ್ಜೆ ಮುಂದೆ ಬಂದ.

"ನಿನಗೇ. ಪುಸ್ತಕ ನೀನೇ ಛಾಪ್ಸಬೇಕು. ಖರೇ, ಹೀಂಗಲ್ಲ. ಪ್ರತಿ ಗುರುವಾರ ನೀವು ನಾಲ್ಕೂ ಮಂದಿ ಬರ್ರಿ. ನಾ ಓದ್ತೀನಿ. ಯಾರಿಗೂ ನಗು ಬರಲಿಲ್ಲಂದ್ರ ಆ ವಚನ ಪಾಸು. ನಕ್ರ, ನಾ ತಿದ್ದಿ ಮತ್ತ ಓದ್ತೀನಿ. ಎಲ್ಲಾ ಪಾಸಾದ ಮ್ಯಾಲ ಕಟ್ಟು ಒಯ್ಯು."

"ಮತ್ತ ಈ ಕೂಟಕ್ಕ ಅಧ್ಯಕ್ಷರು ಯಾರ್ರಿ?" ದತ್ತಾತ್ರಿ ಕೇಳಿದ. ಯಾರೂ ಉತ್ತರ ಕೊಡುವ ಮೊದಲೇ ಅವನು ಗಾದಿಯ ಪಕ್ಕದ ಕುರ್ಚಿಯಲ್ಲಿ ಕುಳಿತಾಗಿತ್ತು.

ಮನೆಗೆ ಬಂದ ಧನರಾಜನನ್ನು ರೂಪಾಲಿ ಬಾಗಿಲಲ್ಲೇ ಹಿಡಿದಳು. "ಕೆಲಸ ಸಿಕ್ತೋ ಇಲ್ಲೋ?"

"ಸಿಕ್ಕದ" ಎಂದ ಅವನು. ಮುಖದಲ್ಲಿ ಬೆಳಕಿತ್ತು. "ಸಾವ್ಕಾರ್ರು ಭಾಳ ಛೊಲೊ ಮನಿಷಾ ಇದ್ದಾರ. ಬರಿಯೂದ್ರಾಗೂ ಸುಧಾರಿಸ್ತಾರ ನೋಡು."

ಐದು ತಿಂಗಳಾಯಿತು. ಗುರುವಾರ ಒಂದೂ ತಪ್ಪಿಲ್ಲ. ಏಳುನೂರ ಎಪ್ಪತ್ತರಲ್ಲಿ ಹನ್ನೊಂದು ವಚನಗಳು ಪಾಸಾಗಿವೆ. ಅಚ್ಚಿನ ಕೆಲಸ ಇನ್ನೂ ಶುರುವಾಗಿಲ್ಲ.