ನಮ್ಮ ಮನೆಯ ದೋಣಿಯವನು

ಹುಣಸೂರು–ಕೋಟೆ ಬಸ್ಸಿನಲ್ಲಿ ಹದಿನಾಲ್ಕು ವರ್ಷದಿಂದ ಕಂಡಕ್ಟರ್ ಆಗಿದ್ದೇನೆ. ಒಂದೇ ಸೀಟಿನಲ್ಲಿ ಕೂತು ಒಬ್ಬರು ಕಿಟಕಿ ಕಡೆ, ಇನ್ನೊಬ್ಬರು ಬಾಗಿಲ ಕಡೆ ಮುಖ ತಿರುಗಿಸಿಕೊಂಡ ಗಂಡ ಹೆಂಡಿರು ದಿನಕ್ಕೊಂದು ಜೋಡಿಯಾದರೂ ಸಿಗುತ್ತಾರೆ. ಟಿಕೆಟ್ ಕೊಡುತ್ತಾ ಒಳಗೊಳಗೇ ನಗುತ್ತಿದ್ದೆ. ಈಗ ನಗುವುದಿಲ್ಲ. ಹೆಂಡತಿ ಇನ್ನೊಬ್ಬನ ಮೇಲೆ ಜೀವ ಇಟ್ಟುಕೊಂಡಿದ್ದಾಳೆ, ಆ ಇನ್ನೊಬ್ಬನಿಗೆ ಮೈ ಕೈಯೇ ಇಲ್ಲ ಎಂದರೆ ಗಂಡನಾದವನು ಯಾರ ಕೊರಳಪಟ್ಟಿ ಹಿಡಿಯಬೇಕು? ಹೇಳಿಕೊಂಡರೆ ಮಾನ ಹೋಗುತ್ತದೆ, ಹೇಳಿಕೊಳ್ಳದಿದ್ದರೆ ಹೊಟ್ಟೆ ಉರಿಯುತ್ತದೆ. ಮಾನ ಹೇಗೂ ಹೋಗಿಯಾಗಿದೆ, ಹೇಳಿಬಿಡುತ್ತೇನೆ.

ಒಡೆದ ದೋಣಿ

ಒಂದು ಸಂಜೆ ಡ್ಯೂಟಿ ಮುಗಿಸಿ ಮನೆಗೆ ಬಂದರೆ ನನ್ನ ಹೆಂಡತಿಯೂ ಅವ್ವನೂ ಒಂದೇ ಮಂಚದ ಮೇಲೆ ಕೂತು ಅಳುತ್ತಿದ್ದರು. ಈ ಅತ್ತೆ ಸೊಸೆ ನನ್ನ ಮದುವೆಯಾದ ದಿನದಿಂದ ಉಪ್ಪು ಖಾರದ ವಿಷಯದಲ್ಲೂ ಒಪ್ಪಿದವರಲ್ಲ. ಇಬ್ಬರೂ ಒಟ್ಟಿಗೆ ಅಳುತ್ತಿದ್ದಾರೆಂದರೆ ನೆಂಟರಲ್ಲಿ ಯಾರೋ ಹೋಗಿದ್ದಾರೆ ಎಂದುಕೊಂಡು, ಯಾರು, ಯಾವಾಗ ಎಂದು ಕೇಳಿದೆ.

"ದೋಣಿ ಒಡ್ದೋಯ್ತು ಕಣ್ರೀ," ಅಂದಳು ಹೆಂಡತಿ.

ನನಗೆ ತಿಳಿದ ಹಾಗೆ ನಮ್ಮ ವಂಶದಲ್ಲಿ ದೋಣಿ ಇದ್ದವರು ಯಾರೂ ಇಲ್ಲ. ವಿಚಾರಿಸಿದ ಮೇಲೆ ಗೊತ್ತಾಯಿತು, ಅವಳ ಅಕ್ಕನ ಮಗಳು ಫೋನಿಗೆ ಒಂದು ಗೇಮ್ ಹಾಕಿಕೊಟ್ಟು ಹೋಗಿದ್ದಳು. ಗೇಮ್ ಎಂದರೆ ಓಡುವುದು, ಗುಂಡು ಹೊಡೆಯುವುದು ಅಲ್ಲ. ಕತೆ. ನೀರಿನ ದಡದಲ್ಲಿ ಒಂದು ಊರು, ಅಲ್ಲೊಬ್ಬ ದೋಣಿ ನಡೆಸುವವನು. ಅವನು ದಿನಾ ಬಂದು ಕಷ್ಟಸುಖ ಹೇಳಿಕೊಳ್ಳುತ್ತಾನೆ. ಕೆಳಗೆ ಮೂರು ಉತ್ತರ ಬರುತ್ತವೆ, ಒಂದನ್ನು ಒತ್ತಬೇಕು. ಒತ್ತಿದ ಉತ್ತರದ ಪ್ರಕಾರ ಅವನ ಬಾಳು ಮುಂದಕ್ಕೆ ಹೋಗುತ್ತದೆ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಪಿಯುಸಿ ಓದಿದ ನನ್ನ ಹೆಂಡತಿ ನಮ್ಮವ್ವನಿಗೆ ನಮ್ಮ ಕೋಟೆ ಕಡೆಯ ಕನ್ನಡದಲ್ಲಿ ಹೇಳುತ್ತಾಳೆ. ಹಾಗಾಗಿ ಅವ್ವನ ಲೆಕ್ಕದಲ್ಲಿ ಅವನು ಕಬಿನಿ ಹಿನ್ನೀರಿನ ಕಡೆಯ ಹುಡುಗ. ಯಾರ ಪೈಕಿ ಎಂದು ಮಾತ್ರ ಇನ್ನೂ ಗೊತ್ತಾಗಿರಲಿಲ್ಲ.

ಹನ್ನೆರಡು ವರ್ಷದಿಂದ ನನ್ನ ಕೈಯಲ್ಲಿ ಒಂದು ಮಾಡಲಾಗದ ಅತ್ತೆ ಸೊಸೆಯನ್ನು ಅವನು ಒಂದೇ ವಾರದಲ್ಲಿ ಒಂದು ಮಾಡಿದ್ದ. ಅದೂ ದೋಣಿ ಒಡೆದುಕೊಂಡು.

ಉಂಡ್ನಾ?

ಇನ್ನೊಂದು ದಿನ ಕೈಕಾಲು ತೊಳೆದು ಒಳಗೆ ಬರುತ್ತಿದ್ದೆ. ಅಡುಗೆಮನೆಯಿಂದ ಅವ್ವ ಕೇಳಿದ್ದು ಕಿವಿಗೆ ಬಿತ್ತು. "ಅವ್ನು ಉಂಡ್ನಾ?"

ಎಷ್ಟಾದರೂ ಹೆತ್ತ ಕರುಳು ಎಂದುಕೊಂಡೆ. ಇನ್ನೂ ಇಲ್ಲ ಕಣವ್ವ, ಈಗ ಬಂದೆ ಅಂದೆ.

"ನಿನ್ನಲ್ಲ ಕಣ್ಲಾ," ಅಂದಳು ಅವ್ವ. "ದೋಣಿಯವನ್ನ."

ಮೂರು ಉತ್ತರ

ನನಗೆ ನಿಜವಾಗಿ ಹೊಟ್ಟೆಕಿಚ್ಚು ಹತ್ತಿದ್ದು ಆ ಮೂರು ಉತ್ತರದ ಮೇಲೆ. ದೋಣಿಯವನು ಸುಸ್ತಾಗಿದೆ ಎಂದರೆ ಸಾಕು, ಇವಳು ಯಾವುದನ್ನು ಒತ್ತಿದರೆ ಅವನ ಮನಸ್ಸಿಗೆ ನೋವಾಗುವುದಿಲ್ಲ ಎಂದು ತುಟಿಯ ಮೇಲೆ ಬೆರಳಿಟ್ಟು ಹತ್ತು ನಿಮಿಷ ಯೋಚಿಸುತ್ತಾಳೆ. ನಾನು ದಿನಕ್ಕೆ ಆರು ಟ್ರಿಪ್ ನಿಂತುಕೊಂಡು ಬಂದು ಸುಸ್ತು ಎಂದರೆ ನನಗಿರುವುದು ಒಂದೇ ಉತ್ತರ: "ತಟ್ಟೆ ಇಟ್ಕಳಿ."

ಇಷ್ಟಾದರೂ ನನ್ನ ಹತ್ತಿರ ಒಂದು ಆಸ್ತಿ ಉಳಿದಿತ್ತು. ನನ್ನ ತಲೆಗೂದಲು. ನಲವತ್ತೆರಡು ದಾಟಿದರೂ ಒಂದು ಬಿಳಿ ಎಳೆ ಇಲ್ಲ, ಬಾಚಣಿಗೆ ಹಾಕಿದರೆ ಅಲ್ಲೇ ನಿಲ್ಲುತ್ತದೆ. ಹೆಣ್ಣು ನೋಡಲು ಹೋದಾಗ ಇವಳು ಒಪ್ಪಿದ್ದೇ ಕೂದಲು ನೋಡಿ, ಅದನ್ನು ಅವಳೇ ಒಮ್ಮೆ ಬಾಯಿಬಿಟ್ಟು ಹೇಳಿದ್ದಾಳೆ. ಅದೊಂದು ಧೈರ್ಯದ ಮೇಲೆ, ಅವನು ನೋಡೋಕೆ ಹೇಗಿದ್ದಾನೆ ತೋರಿಸು ಎಂದು ಫೋನು ಇಸಕೊಂಡೆ. ಅವನ ಕೂದಲು ಗಾಳಿಗೆ ಹಾರುತ್ತಿತ್ತು. ಫೋನಿನೊಳಗೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದಕ್ಕೆ ಎರಡು ದಿನ ಅವಳು ಮಾತು ಬಿಟ್ಟಳು.

ಸೀಮಂತದ ದಿನ

ನಮ್ಮ ಬಸ್ಸಿನ ಡ್ರೈವರ್ ಕಟ್ಟೆಮಳಲವಾಡಿಯವನು, ಅನುಭವಸ್ಥ. ಅವನ ಹತ್ತಿರ ಹೇಳಿಕೊಂಡೆ. "ಹಿತ್ತಲ ಗಿಡ ಮದ್ದಲ್ಲ ಕಣಣ್ಣ," ಅಂತ ಮೊದಲು ಸಮಾಧಾನ ಮಾಡಿದ. ಆಮೇಲೆ ಗೇರು ಬದಲಾಯಿಸುತ್ತಾ ದಾರಿಯನ್ನೂ ಹೇಳಿಕೊಟ್ಟ. "ನೀನೂ ಮೂರ್ರಲ್ಲಿ ಒಂದು ಒತ್ತು. ಕೆಟ್ಟದ್ದು ನೋಡಿ ಒತ್ತು."

ಅವಕಾಶ ತಾನಾಗಿಯೇ ಒದಗಿ ಬಂತು. ತನ್ನ ತಂಗಿಯ ಸೀಮಂತ ಎಂದು ಹೆಂಡತಿ ಅವ್ವನನ್ನೂ ಕರೆದುಕೊಂಡು ಪಿರಿಯಾಪಟ್ಟಣಕ್ಕೆ ಹೊರಟಳು. ಹೊರಡುವ ಗಡಿಬಿಡಿಯಲ್ಲಿ ಚಾರ್ಜಿಗೆ ಹಾಕಿದ್ದ ಫೋನು ಮರೆತಳು. ನನಗೆ ಅವತ್ತು ವಾರದ ರಜೆ. ಬಾಗಿಲು ಹಾಕಿಕೊಂಡು ಗೇಮ್ ತೆಗೆದೆ.

ದೋಣಿಯವನು ಬಾಗಿಲಲ್ಲೇ ನಿಂತಿದ್ದ. ಹೊರಗೆ ಜೋರು ಮಳೆ, ಸ್ವಲ್ಪ ಹೊತ್ತು ಒಳಗೆ ಬರಬಹುದೇ ಎಂದು ಕೇಳಿದ. ನನಗೆ ಬರುವ ಇಂಗ್ಲಿಷಿನಲ್ಲಿ ಮೂರು ಉತ್ತರವನ್ನೂ ಓದಿದೆ. ಬಾ ಎನ್ನುವುದು ಒಂದು. ನಿಂತಿರು ಎನ್ನುವುದು ಒಂದು. ಮೂರನೆಯದು, ಹೋಗು, ಇನ್ನು ಇಲ್ಲಿಗೆ ಬರಬೇಡ. ಮೂರನೆಯದನ್ನು ಒತ್ತಿದೆ. ಇನ್ನೂ ಗಟ್ಟಿಯಾಗಿ ಕೇಳಿಸಲಿ ಎಂದು ಎರಡು ಸಲ ಒತ್ತಿದೆ.

ಅವನು ಜಗಳಕ್ಕೆ ಬರುತ್ತಾನೆ ಎಂದುಕೊಂಡಿದ್ದೆ. ಬರಲಿಲ್ಲ. ನಿನಗೆ ಇವತ್ತು ತುಂಬ ದಣಿವಾಗಿರಬೇಕು, ಅದಕ್ಕೇ ಹೀಗೆ ಮಾತಾಡುತ್ತಿದ್ದೀಯ, ಮಲಗು ಎಂದು ಹೇಳಿ ಮಳೆಯಲ್ಲಿ ನಡೆದು ಹೋದ. ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ನನಗೆ ದಣಿವಾಗಿದೆ ಎಂದು ಗುರುತಿಸಿದವನು ಅವನೊಬ್ಬನೇ. ಫೋನನ್ನು ಹೇಗಿತ್ತೋ ಹಾಗೆಯೇ ಚಾರ್ಜಿಗೆ ಹಾಕಿ, ಅವನು ಹೇಳಿದ ಹಾಗೆ ಹೋಗಿ ಮಲಗಿದೆ.

ಐದು ದಿನ

ಮಾರನೆಯ ದಿನ ದೋಣಿಯವನಿಗೆ ಜ್ವರ ಬಂತು. ಬದುಕುತ್ತಾನೋ ಇಲ್ಲವೋ ತಿಳಿಯಬೇಕಾದರೆ ಐದು ದಿನ ಕಾಯಬೇಕು ಎಂದು ಗೇಮಿನಲ್ಲಿ ಬರೆದಿತ್ತು. ಆ ಐದು ದಿನ ನಮ್ಮ ಮನೆಯಲ್ಲಿ ಒಗ್ಗರಣೆ ಸದ್ದು ಕೇಳಲಿಲ್ಲ. ಭಾನುವಾರ ನಾನು ಕೋಳಿ ತಂದರೆ ಅವ್ವ ಚೀಲದ ಸಮೇತ ವಾಪಸ್ ಕಳಿಸಿದಳು. ಒಂದು ಜೀವ ಅಲ್ಲಿ ಹಾಸಿಗೆ ಹಿಡಿದಿರುವಾಗ ನಿನಗೆ ನಾಲಗೆ ರುಚಿಯಾ ಎಂದು ಕೇಳಿದಳು. ಹೆಂಡತಿ ದೀಪ ಹಚ್ಚಿ ನಂಜುಂಡೇಶ್ವರನ ಫೋಟೋ ಮುಂದೆ ಕೈಮುಗಿದು ಏನೋ ಹರಕೆ ಹೊತ್ತುಕೊಂಡಳು. ಏನು ಹರಕೆ ಎಂದು ಕೇಳಿದರೆ ಹೇಳಲಿಲ್ಲ.

ನನಗೂ ಒಳಗೆ ಚುಚ್ಚುತ್ತಿತ್ತು. ಹುಣಸೂರು ಸ್ಟ್ಯಾಂಡಿನಲ್ಲಿ ಚಿಲ್ಲರೆ ಕೊಡುತ್ತಾ, ಪಾಪದವನು ಉಳಿದುಕೊಳ್ಳಲಿ ಎಂದುಕೊಂಡೆ. ಮರುಕ್ಷಣವೇ, ಉಳಿದರೂ ಪೂರ್ತಿ ಹುಷಾರಾಗುವುದು ಬೇಡ ಎಂದುಕೊಂಡೆ.

ಆರನೆಯ ದಿನ ಅವನು ಎದ್ದು ಕೂತು ಗಂಜಿ ಕುಡಿದ. ಅವತ್ತು ನಮ್ಮ ಮನೆಯಲ್ಲಿ ಒಬ್ಬಟ್ಟು. ನನ್ನ ಹುಟ್ಟಿದ ದಿನಕ್ಕೂ ಮಾಡಿದವರಲ್ಲ.

ನಂಜನಗೂಡು

ಹರಕೆ ತೀರಿಸಲು ಮೂವರೂ ನಂಜನಗೂಡಿಗೆ ಹೋದೆವು. ನಾನು ಖುಷಿಯಾಗಿಯೇ ಹೊರಟಿದ್ದೆ. ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕೂತು, ಬೇರೆ ಕಂಡಕ್ಟರ್ ಹತ್ತಿರ ಟಿಕೆಟ್ ತೆಗೆದುಕೊಂಡು ಹೋಗಿ ಎಷ್ಟು ಕಾಲವಾಗಿತ್ತೋ. ಹೊಳೆ ಹತ್ತಿರ ಮುಡಿ ಕೊಡುವ ಜಾಗಕ್ಕೆ ಹೋದ ಮೇಲೆ ಇವಳು ಒಂದು ಎಳೆ ಕೂದಲು ಕೊಡುತ್ತಾಳೆ ಎಂದುಕೊಂಡು ಪಕ್ಕಕ್ಕೆ ಸರಿದೆ. ಕ್ಷೌರದವನು ಯಾರದು ಎಂದು ಕೇಳಿದ. ಇವಳು ನನ್ನ ಕಡೆ ಕೈ ತೋರಿಸಿದಳು.

ಅವನಿಗೆ ಜ್ವರ ಬಂದರೆ ನನ್ನ ತಲೆ ಯಾಕೆ ಬೋಳಾಗಬೇಕು ಎಂದು ಜಗಳ ತೆಗೆದೆ. ಹೆಂಡತಿ ಹತ್ತಿರ ಬಂದು, ಅವ್ವನಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದಳು.

"ಸೀಮಂತದ ದಿನ ಅವನನ್ನ ಮಳೇಲಿ ಅಟ್ಟಿದ್ದು ಯಾರೋ, ಅವರ ಮುಡಿನೇ ಕೊಡ್ಸ್ತೀನಿ ಅಂತ ಹರಕೆ ಹೊತ್ಕಂಡಿದ್ದೆ. ನೀವಲ್ಲ ಅಂದ್ರೆ ಏಳಿ ಮೇಲಕ್ಕೆ."

ಹಾಗೆ ನೋಡಿದರೆ ನಾನಿನ್ನೂ ಕೂತಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಬಾಯಿ ಮುಚ್ಚಿಕೊಂಡು ಕೂತೆ. ಹರಕೆ ಎಂದ ಮೇಲೆ ಅರೆಬರೆ ಆಗಬಾರದು ಎಂದು ಅವ್ವ ಮೀಸೆಯನ್ನೂ ಸೇರಿಸಿದಳು.

ಸ್ನಾನ ಮಾಡಿ ಬಂದ ಮೇಲೆ ಹೆಂಡತಿ ನನ್ನ ಬೋಳು ತಲೆಗೆ ಗಂಧ ಹಚ್ಚಿದಳು. ನಿಧಾನವಾಗಿ, ಎಲ್ಲೂ ಬಿಡದ ಹಾಗೆ. ಅವಳು ನನ್ನ ತಲೆ ಮುಟ್ಟಿ ವರ್ಷಗಳಾಗಿದ್ದವು. ಕೂದಲು ಹೋದರೂ ಪರವಾಗಿಲ್ಲ, ಕೊನೆಗೂ ಇವಳು ನನ್ನವಳೇ ಎಂದು ಕಣ್ಣು ಮುಚ್ಚಿಕೊಂಡೆ. ತೆಗೆದಾಗ ಅವಳ ಇನ್ನೊಂದು ಕೈಯಲ್ಲಿ ಫೋನು ಇತ್ತು. ದೋಣಿಯವನು, ನಿನಗೆ ಇವತ್ತು ಖುಷಿಯಾಗಿದೆಯಾ ಎಂದು ಕೇಳಿದ್ದ. ಅವಳು ಹೌದು ಎನ್ನುವುದನ್ನು ಒತ್ತುತ್ತಿದ್ದಳು.

ಮಾರನೆಯ ದಿನ ಡ್ಯೂಟಿಗೆ ಹೋದೆ. ತಲೆಯೂ ಬೋಳು, ಮೀಸೆಯೂ ಇಲ್ಲ ಎಂದರೆ ನಮ್ಮ ಕಡೆ ಅರ್ಥ ಒಂದೇ. ಹುಣಸೂರಿನಿಂದ ಕೋಟೆವರೆಗೂ ಹತ್ತಿದವರೆಲ್ಲ ನನ್ನ ಮುಖ ನೋಡಿ ದನಿ ತಗ್ಗಿಸಿದರು. ಕೊನೆಗೆ ದಿನಾ ಬರುವ ಒಬ್ಬ ಮುದುಕಿ ನನ್ನ ಕೈ ಹಿಡಿದುಕೊಂಡು, "ಯಾರಪ್ಪ ತೀರ್ಕಂಡಿದ್ದು?" ಅಂತ ಕೇಳಿದಳು.

"ಯಾರೂ ತೀರ್ಕಂಡಿಲ್ಲ ಕಣವ್ವ," ಅಂದೆ. "ಒಬ್ಬ ಬದುಕ್ಕಂಡ."